ಬಾಗಿಲ ವಾದ್ಯ, ವೇದಿಕೆಯ ವಾದ್ಯ

ದೆಹಲಿಯ ಚಳಿಗಾಲ ಸಂಗೀತದ ಕಾಲವೂ ಹೌದು. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ನಗರದ ಯಾವುದಾದರೊಂದು ಸಭಾಂಗಣದಲ್ಲಿ, ಅಗಲಿದ ಕಲಾವಿದರೊಬ್ಬರ ಹೆಸರಿನಲ್ಲಿ, ಸಂಸ್ಮರಣ ಕಛೇರಿಯೊಂದು ನಡೆಯುತ್ತಲೇ ಇರುತ್ತದೆ. ಅವುಗಳ ಕ್ರಮ ಹೆಚ್ಚುಕಡಿಮೆ ಒಂದೇ. ಭಾವಚಿತ್ರಕ್ಕೆ ಹಾರ, ದೀಪ, ಪ್ರಾರ್ಥನೆ, ಮೂವರ ಭಾಷಣ, ಬಳಿಕ ಶಿಷ್ಯರೋ ಅಭಿಮಾನಿಗಳೋ ನಡೆಸಿಕೊಡುವ ಕಛೇರಿ, ಶಾಲು, ಫಲತಾಂಬೂಲ, ಊಟ. ಇದರಲ್ಲಿ ಹಾಸ್ಯ ಮಾಡುವಂಥದ್ದೇನೂ ಇಲ್ಲ. ಸತ್ತವರನ್ನು ನೆನೆಯಲು ಮನುಷ್ಯನಿಗೆ ಒಂದು ಕ್ರಮ ಬೇಕು. ಶ್ರಾದ್ಧಕ್ಕೆ ಇರುವಂತೆ ಸಂಗೀತ ಸಭೆಗೂ ಒಂದು ವಿಧಿ ಇರುವುದು ಸಹಜವೇ. ಆದರೆ ಇಂಥ ಒಂದು ಸಂಜೆಯ ಅನಂತರ ನಮ್ಮಲ್ಲಿ ಉಳಿದ ಪ್ರಶ್ನೆಯೊಂದಿದೆ: ಒಬ್ಬ ಕಲಾವಿದನಿಗೆ ಸಲ್ಲಿಸಿದ ನಮಸ್ಕಾರ ಎಲ್ಲಿಯವರೆಗೆ ತಲುಪಬೇಕು? ಆ ಪ್ರಶ್ನೆಯನ್ನು ನಮ್ಮೊಳಗೆ ಎಬ್ಬಿಸಿದವರು ಸ್ಯಾಕ್ಸೊಫೋನ್ ವಾದಕ ಕದ್ರಿ ಗೋಪಾಲನಾಥರು. ಅವರು ತೀರಿಕೊಂಡದ್ದು 2019ರ ಅಕ್ಟೋಬರ್ 11ರಂದು, ಮಂಗಳೂರಿನಲ್ಲಿ. ನಾವು ಹೇಳುತ್ತಿರುವ ಸಂಜೆ ಅದಾದ ಕೆಲವು ವರ್ಷಗಳ ಬಳಿಕ, ದೆಹಲಿಯಲ್ಲಿ.

ನಾವು ಎಂದರೆ ಮುಖರ್ಜಿ ನಗರದ ಐದು ಮಂದಿ ಕನ್ನಡಿಗರು. ಇಬ್ಬರು ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಕಡತ ನೋಡುವವರು. ಮೂವರು ನಾಗರಿಕ ಸೇವಾ ಪರೀಕ್ಷೆಗೆಂದು ಊರು ಬಿಟ್ಟು ಬಂದ ಹುಡುಗರು. ಮುಖರ್ಜಿ ನಗರವನ್ನು ಕಂಡವರಿಗೆ ಅದರ ಚಿತ್ರ ಬಿಡಿಸಿ ಹೇಳಬೇಕಾಗಿಲ್ಲ. ಬತ್ರಾ ಚಿತ್ರಮಂದಿರದ ಸುತ್ತ ಗೋಡೆಗೋಡೆಗೂ ತರಬೇತಿ ಕೇಂದ್ರಗಳ ಫಲಕ, ಅವುಗಳ ಮೇಲೆ ಹಿಂದಿನ ವರ್ಷ ಗೆದ್ದವರ ಮುಖಗಳು, ಕೆಳಗೆ ಟಿಪ್ಪಣಿಗಳ ಜೆರಾಕ್ಸ್ ಅಂಗಡಿಗಳು, ಒಂದು ಮಂಚ ಒಂದು ಮೇಜು ಹಿಡಿಸುವ ಬಾಡಿಗೆ ಕೋಣೆಗಳು. ಇಲ್ಲಿ ಗೆದ್ದವರ ಹೆಸರು ಗೋಡೆಯ ಮೇಲಿರುತ್ತದೆ, ಉಳಿದವರದು ಬಾಡಿಗೆ ಪುಸ್ತಕದಲ್ಲಿ ಮಾತ್ರ. ಭಾನುವಾರ ಸಂಜೆ ನಮ್ಮಲ್ಲೊಬ್ಬರ ಮನೆಯಲ್ಲಿ ಕೂಡಿ ಅನ್ನ ಸಾರು ಉಂಡು, ಕನ್ನಡದಲ್ಲಿ ನಾಲ್ಕು ಮಾತಾಡಿ ಚದುರುವುದು ನಮ್ಮ ರೂಢಿ. ಹುಡುಗರಲ್ಲಿ ಒಬ್ಬ ಬಂಟ್ವಾಳದ ಕಡೆಯವನು. ಕಛೇರಿಯ ಆಮಂತ್ರಣವನ್ನು ಫೋನಿನಲ್ಲಿ ತೋರಿಸಿ, “ಸರ್, ಇದಕ್ಕೆ ಹೋಗುವನಾ?” ಎಂದು ಕೇಳಿದವನು ಅವನೇ. ಅಲ್ಲಿಯವರೆಗೆ ಅವನು ಸಂಗೀತದ ಮಾತು ಎತ್ತಿದ್ದನ್ನು ನಾವು ಕೇಳಿರಲಿಲ್ಲ.

ಆಮಂತ್ರಣದಲ್ಲಿ ಗೋಪಾಲನಾಥರನ್ನು ಜಾಝ್ ವಾದ್ಯವನ್ನು ಪಳಗಿಸಿದ ಕನ್ನಡಿಗ ಎಂದು ಬಣ್ಣಿಸಲಾಗಿತ್ತು. ಇದು ಎಲ್ಲರೂ ಆಡುವ ಮಾತು. ಆದರೆ ಸ್ಯಾಕ್ಸೊಫೋನ್ ಹುಟ್ಟಿದಾಗ ಜಾಝ್ ಎಂಬ ಸಂಗೀತವೇ ಇರಲಿಲ್ಲ. 1814ರಲ್ಲಿ ಬೆಲ್ಜಿಯಂ ದೇಶದ ದಿನಾಂ ಎಂಬ ಊರಿನಲ್ಲಿ ಹುಟ್ಟಿದ ಅಡಾಲ್ಫ್ ಸ್ಯಾಕ್ಸ್, ವಾದ್ಯ ತಯಾರಿಸುವ ಮನೆತನದವನು. ಪ್ಯಾರಿಸ್ಸಿಗೆ ಹೋಗಿ ನೆಲೆಸಿ, 1846ರಲ್ಲಿ ತನ್ನ ಹೊಸ ವಾದ್ಯಕ್ಕೆ ಹಕ್ಕುಪತ್ರ ಪಡೆದ. ಅದರ ಮೈ ಹಿತ್ತಾಳೆಯದು. ಆದರೆ ದನಿ ಹುಟ್ಟುವುದು ಜೊಂಡಿನ ತೆಳುವಾದ ಒಂದು ಪಟ್ಟಿ ಉಸಿರಿಗೆ ಅದುರುವುದರಿಂದ. ಆದ್ದರಿಂದಲೇ ಲೋಹದ ಈ ವಾದ್ಯವನ್ನು ಮರದ ಸುಷಿರವಾದ್ಯಗಳ ಪಂಕ್ತಿಯಲ್ಲಿ ಕೂರಿಸುತ್ತಾರೆ. ಕಹಳೆಯ ಜೋರು, ಕ್ಲಾರಿನೆಟ್‌ನ ನಯ, ಎರಡೂ ಇರುವ ಈ ವಾದ್ಯ ಬಯಲಿನಲ್ಲಿ ನಡೆಯುತ್ತಾ ನುಡಿಸಲು ತಕ್ಕದ್ದಾಗಿತ್ತು. ಮೊದಲು ಅದನ್ನು ಆದರದಿಂದ ಕರೆದುಕೊಂಡದ್ದು ಫ್ರೆಂಚ್ ಸೇನೆಯ ಬ್ಯಾಂಡು. ಅಮೆರಿಕದ ಕಪ್ಪು ಜನರ ಕೈಯಲ್ಲಿ ಅದು ಜಾಝ್‌ನ ಮುಖ್ಯ ಸ್ವರವಾದದ್ದು ಇಪ್ಪತ್ತನೆಯ ಶತಮಾನದಲ್ಲಿ.

ಸೇನೆಯ ಬ್ಯಾಂಡಿನ ಮಾತು ಬಂದಾಗ ನಮ್ಮ ನೆರೆಯ ಒಂದು ಮೈದಾನ ನೆನಪಾಗುತ್ತದೆ. ಮುಖರ್ಜಿ ನಗರದಿಂದ ಬುರಾಡಿಯ ಕಡೆಗೆ ಸ್ವಲ್ಪ ದೂರ ಹೋದರೆ ಕಾರೋನೇಷನ್ ಪಾರ್ಕ್ ಸಿಗುತ್ತದೆ. 1911ರ ಡಿಸೆಂಬರ್ 12ರಂದು ಐದನೆಯ ಜಾರ್ಜ್ ದೊರೆಯ ದರ್ಬಾರು ನಡೆದದ್ದು ಅಲ್ಲಿ. ಸೇನಾ ಬ್ಯಾಂಡುಗಳು ನುಡಿಯುತ್ತಿದ್ದಂತೆ ದೇಶದ ಸಂಸ್ಥಾನಗಳ ರಾಜರು ಒಬ್ಬೊಬ್ಬರಾಗಿ ಬಂದು ವಂದಿಸಿದರು. ಅವರಲ್ಲಿ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರೂ ಇದ್ದರು. ಆ ಕಾಲದ ಸಂಸ್ಥಾನಗಳು ಬಿಳಿಯರ ಆಡಳಿತದಿಂದ ಪಡೆದವುಗಳಲ್ಲಿ ಬ್ಯಾಂಡೂ ಒಂದು. ಮೈಸೂರು ಅರಮನೆ ಅದನ್ನು ಬರೀ ಆಡಂಬರಕ್ಕೆ ಇಟ್ಟುಕೊಳ್ಳಲಿಲ್ಲ, ಅಭಿರುಚಿಯಿಂದ ಬೆಳೆಸಿತು; ವೀಣೆಯ ವಿದ್ವಾಂಸರಿದ್ದ ಆಸ್ಥಾನದಲ್ಲೇ ಪಾಶ್ಚಾತ್ಯ ವಾದ್ಯಗಳ ಮೇಳವೂ ಇತ್ತು. ದರ್ಬಾರಿಗೆ ಕನ್ನಡದಲ್ಲಿ ಹಳೆಯ ಮಾತು ಓಲಗ. ಒಡ್ಡೋಲಗವೆಂದರೆ ರಾಜಸಭೆ. ಅದೇ ಓಲಗ ಕ್ರಮೇಣ ವಾಲಗವಾಗಿ, ಮದುವೆ ಮನೆಯ ಬಾಗಿಲಲ್ಲಿ ಊದುವ ವಾದ್ಯಕ್ಕೂ ಹೆಸರಾಯಿತು. ರಾಜಸಭೆಯಿಂದ ಬಾಗಿಲಿಗೆ ಇಳಿದ ಈ ಪದದ ದಾರಿಯನ್ನು ಓದುಗರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಗೋಪಾಲನಾಥರು ನಡೆದದ್ದು ಅದೇ ದಾರಿಯಲ್ಲಿ, ಎದುರು ದಿಕ್ಕಿಗೆ.

ಅವರು ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಸಜೀಪ ಮೂಡದವರು. ತಂದೆ ತನಿಯಪ್ಪ ನಾಗಸ್ವರ ವಾದಕರು. ನಾಗಸ್ವರದವನ ಮಗ ಎಂಬ ಮಾತಿನ ಭಾರ ದೆಹಲಿಯ ಸಭಾಂಗಣದಲ್ಲಿ ಕುಳಿತವರಿಗೆ ಸುಲಭವಾಗಿ ತಿಳಿಯುವಂಥದ್ದಲ್ಲ. ನಾಗಸ್ವರ ಮಂಗಳವಾದ್ಯ; ಅದಿಲ್ಲದೆ ದೇವರ ಬಲಿ ಹೊರಡದು, ಧಾರೆ ನಡೆಯದು. ಹಾಗಿದ್ದೂ ಅದನ್ನು ಊದುವವನು ಕೂರುವುದು ಚಪ್ಪರದ ಅಂಚಿನಲ್ಲಿ, ನಿಲ್ಲುವುದು ದೇವಸ್ಥಾನದ ಅಂಗಳದಲ್ಲಿ. ಎಲ್ಲರಿಗಿಂತ ಮೊದಲು ಬರಬೇಕು, ಕೊನೆಗೆ ಉಣ್ಣಬೇಕು. ಮಾಂಗಲ್ಯಧಾರಣೆಯ ಗಳಿಗೆಯಲ್ಲಿ ಪುರೋಹಿತರು ಕೈಯೆತ್ತಿ ‘ಗಟ್ಟಿಮೇಳ’ ಎನ್ನುತ್ತಾರೆ. ಕೂಡಲೇ ವಾದ್ಯ ತಾರಕಕ್ಕೆ ಏರಬೇಕು, ಡೋಲು ಅಬ್ಬರಿಸಬೇಕು. ಆ ಗಳಿಗೆಯಲ್ಲಿ ಸೀನೋ ಅಳುವೋ ಅಪಶಬ್ದವೋ ಯಾರ ಕಿವಿಗೂ ಬೀಳಬಾರದೆಂಬುದು ಅದರ ಹಿಂದಿನ ನಂಬಿಕೆ. ಹೀಗೆ ಮತ್ತೊಂದು ಸದ್ದನ್ನು ಮುಚ್ಚುವುದೇ ಈ ಸಂಗೀತಗಾರನಿಗೆ ಸಮಾಜ ಒಪ್ಪಿಸಿದ ಮುಖ್ಯ ಕೆಲಸ. ಅವನು ಅದೇ ಗಳಿಗೆಯಲ್ಲಿ ಯಾವ ರಾಗ ನುಡಿಸಿದ ಎಂದು ಕೇಳಿದವರು ಎಷ್ಟು ಮಂದಿ?

ಗೋಪಾಲನಾಥರು ಸ್ಯಾಕ್ಸೊಫೋನನ್ನು ಮೊದಲು ಕಂಡದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ. ಅದನ್ನೇ ಕಲಿಯಬೇಕೆಂಬ ಹಟ ಹಿಡಿಯಿತು. ಈ ಹಟ ಎಂಥ ಕಷ್ಟವನ್ನು ಎದುರು ಹಾಕಿಕೊಂಡಿತ್ತು ಎಂಬುದನ್ನು ಹೇಳಬೇಕು. ಕೊಳಲಿನಲ್ಲಾಗಲಿ ನಾಗಸ್ವರದಲ್ಲಾಗಲಿ ರಂಧ್ರಕ್ಕೂ ಬೆರಳಿಗೂ ನಡುವೆ ಏನೂ ಇಲ್ಲ. ಬೆರಳನ್ನು ಅರ್ಧ ಸರಿಸಿದರೆ ಸ್ವರ ಅರ್ಧ ಏರುತ್ತದೆ. ಸ್ವರದಿಂದ ಸ್ವರಕ್ಕೆ ಜಾರಬಹುದು, ತೂಗಬಹುದು. ಸ್ಯಾಕ್ಸೊಫೋನಿನಲ್ಲಿ ಬೆರಳು ಮುಟ್ಟುವುದು ಕೀಲಿಯನ್ನು. ಆ ಕೀಲಿ ಮತ್ತೊಂದು ಕಡೆ ಮುಚ್ಚಳವನ್ನು ತೆರೆಯುತ್ತದೆ. ಸ್ವರಗಳು ಮೆಟ್ಟಿಲುಗಳಂತೆ ಬೇರೆಬೇರೆ. ನಮ್ಮ ಸಂಗೀತದಲ್ಲಾದರೋ ಮೆಟ್ಟಿಲುಗಳ ನಡುವಣ ಇಳಿಜಾರಿನಲ್ಲೇ ರಾಗದ ಜೀವವಿದೆ. ತೋಡಿಯ ಗಾಂಧಾರವನ್ನು ಅಲುಗಿಸದೆ ಹಿಡಿದು ನಿಲ್ಲಿಸಿದರೆ ಅದು ತೋಡಿಯೇ ಆಗದು. ಆದ್ದರಿಂದ ಕೀಲಿಗಳು ಕೊಡದಿದ್ದುದನ್ನು ತುಟಿ, ದವಡೆ, ಗಂಟಲು, ಉಸಿರು ಕೊಡಬೇಕಾಗಿತ್ತು. ಕೀಲಿಯನ್ನು ಪೂರ್ತಿ ಬಿಡದೆ, ಪೂರ್ತಿ ಒತ್ತದೆ ನುಡಿಸುವುದನ್ನು ಬೆರಳು ಕಲಿಯಬೇಕಾಗಿತ್ತು. ಇದಕ್ಕೆ ಪಠ್ಯಪುಸ್ತಕವಿರಲಿಲ್ಲ. ವಾದ್ಯ ಕೈಗೆ ಒಗ್ಗಲು ಇಪ್ಪತ್ತು ವರ್ಷಗಳೇ ಬೇಕಾದವು ಎಂದು ಅವರ ಬಗೆಗೆ ಹೇಳುವವರಿದ್ದಾರೆ. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಕಲಿತರು. ಬಳಿಕ ಮದ್ರಾಸಿನಲ್ಲಿ ಹಾಡುಗಾರರೂ ಮೃದಂಗ ವಿದ್ವಾಂಸರೂ ಆದ ಟಿ. ವಿ. ಗೋಪಾಲಕೃಷ್ಣನ್ ಅವರ ಶಿಷ್ಯರಾದರು. ಹಾಡುವವರಿಂದ ಕಲಿತದ್ದು ಮುಖ್ಯ. ಅವರ ಸ್ಯಾಕ್ಸೊಫೋನು ಕಡೆಯವರೆಗೂ ಹಾಡುವುದನ್ನೇ ಅನುಸರಿಸಿತು.

ಹೊರಗಿನ ವಾದ್ಯವೊಂದು ಕರ್ನಾಟಕ ಸಂಗೀತದ ಒಳಗೆ ಬಂದದ್ದು ಇದೇ ಮೊದಲಲ್ಲ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರ ಕಾಲದಲ್ಲಿ ಪಿಟೀಲು ಬಂತು. ಇಂದು ಅದಿಲ್ಲದ ಕಛೇರಿಯನ್ನು ಊಹಿಸುವುದೇ ಕಷ್ಟ. ಎ. ಕೆ. ಸಿ. ನಟರಾಜನ್ ಕ್ಲಾರಿನೆಟ್ ತಂದರು, ಯು. ಶ್ರೀನಿವಾಸ್ ಮ್ಯಾಂಡೊಲಿನ್ ತಂದರು. ಆದರೂ ಪ್ರತಿ ಸಲವೂ ಹೊಸ ವಾದ್ಯ ಬಾಗಿಲಲ್ಲಿ ನಿಂತು ತನ್ನ ಅರ್ಹತೆಯನ್ನು ತೋರಿಸಬೇಕಾಗುತ್ತದೆ. ಮಡಿಕೆ ಹಾಕಿದ ಕಾಲ ಮೇಲೆ ಹೊಳೆಯುವ ಆ ವಾದ್ಯವನ್ನು ಒರಗಿಸಿಕೊಂಡು, ಹಣೆಗೆ ಕುಂಕುಮವಿಟ್ಟು, ರೇಷ್ಮೆ ಜುಬ್ಬ ತೊಟ್ಟು ನೆಲದ ಮೇಲೆ ಕುಳಿತ ಗೋಪಾಲನಾಥರನ್ನು ಕಂಡು ಮೊದಮೊದಲು ಅಚ್ಚರಿಪಟ್ಟವರು, ಕಣ್ಣು ಮುಚ್ಚಿ ಕೇಳತೊಡಗಿದ ಮೇಲೆ ವಾದ್ಯವನ್ನು ಮರೆತರು.

ಜಾಝ್ ಅವರಿಗೆ ಎದುರಾದದ್ದು 1980ರಲ್ಲಿ, ಮುಂಬಯಿಯ ಜಾಝ್ ಉತ್ಸವದಲ್ಲಿ. ಅಲ್ಲಿಗೆ ಬಂದಿದ್ದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಅವರ ಜೊತೆಗೆ ನುಡಿಸಿದರು. ಹ್ಯಾಂಡಿಗೆ ನಮ್ಮ ಸಂಗೀತ ಅಪರಿಚಿತವಾಗಿರಲಿಲ್ಲ. 1970ರ ದಶಕದಲ್ಲೇ ಸರೋದ್ ವಾದಕ ಅಲಿ ಅಕ್ಬರ್ ಖಾನರೊಂದಿಗೆ ಧ್ವನಿಮುದ್ರಿಕೆ ತಂದವರು. ಆ ಜೊತೆವಾದನ ಗೋಪಾಲನಾಥರ ಬದುಕಿನ ತಿರುವೆಂದು ಮತ್ತೆ ಮತ್ತೆ ನೆನೆಯಲಾಗುತ್ತದೆ. ಬಳಿಕ ಯುರೋಪು ಅಮೆರಿಕಗಳ ವೇದಿಕೆಗಳು ತೆರೆದುಕೊಂಡವು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಬಿಬಿಸಿಯ ಪ್ರಾಮ್ಸ್ ಕಛೇರಿಗಳಿಗೆ ಆಹ್ವಾನ ಪಡೆದ ಮೊದಲ ಕರ್ನಾಟಕ ಸಂಗೀತಗಾರರಾದರು. ಅದೇ ವರ್ಷ ಕೆ. ಬಾಲಚಂದರ್ ಅವರ ‘ಡ್ಯುಯೆಟ್’ ಚಿತ್ರಕ್ಕೆ ಎ. ಆರ್. ರೆಹಮಾನ್ ಸಂಗೀತದಲ್ಲಿ ನುಡಿಸಿ, ಕಛೇರಿಗೆ ಕಾಲಿಡದ ಲಕ್ಷಾಂತರ ಮಂದಿಯ ಕಿವಿ ತಲುಪಿದರು. 2004ರಲ್ಲಿ ಪದ್ಮಶ್ರೀ ಬಂತು.

ಇನ್ನೊಂದು ಸಂಬಂಧವನ್ನು ನೆನೆಯದೆ ಮುಂದೆ ಹೋಗಲಾಗದು. ಅಮೆರಿಕದ ಹೆಸರಾಂತ ಜಾಝ್ ಸ್ಯಾಕ್ಸೊಫೋನ್ ವಾದಕರಲ್ಲಿ ರುದ್ರೇಶ್ ಮಹಾಂತಪ್ಪ ಒಬ್ಬರು. ಹೆಸರೇ ಹೇಳುವಂತೆ ಬೇರು ಕನ್ನಡ ನಾಡಿನದು. ಬೆಳೆದದ್ದು ಕೊಲರಾಡೊದಲ್ಲಿ, ಚಾರ್ಲಿ ಪಾರ್ಕರ್‌ನ ಸಂಗೀತ ಕೇಳುತ್ತಾ. ಸಂಗೀತದ ವಿದ್ಯಾರ್ಥಿಯಾಗಿದ್ದಾಗ ಅವರ ಅಣ್ಣ ತಮಾಷೆಗೆಂದು ಒಂದು ಧ್ವನಿಮುದ್ರಿಕೆ ಕೊಟ್ಟರಂತೆ. ಅದರ ಹೆಸರು ‘ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್’, ವಾದಕರು ಕದ್ರಿ ಗೋಪಾಲನಾಥ್. ಕೇಳಿದ ಮೇಲೆ ತಮಾಷೆ ಉಳಿಯಲಿಲ್ಲ. ಮುಂದೆ ಅವರು ಗೋಪಾಲನಾಥರ ಬಳಿಗೆ ಬಂದರು, ಪಿಟೀಲಿನ ಎ. ಕನ್ಯಾಕುಮಾರಿಯವರೂ ಸೇರಿದ ಮೇಳದೊಂದಿಗೆ 2008ರಲ್ಲಿ ‘ಕಿನ್ಸ್‌ಮೆನ್’ ಎಂಬ ಮುದ್ರಿಕೆ ಹೊರತಂದರು. ಬಂಧುಗಳು ಎಂಬುದು ಅದರ ಅರ್ಥ. ಕಡಲಾಚೆ ಬೆಳೆದ ಕನ್ನಡ ಮೂಲದವನಿಗೆ ತನ್ನ ಕೈಯಲ್ಲಿದ್ದ ಜಾಝ್ ವಾದ್ಯದ ಮೂಲಕವೇ ಊರಿನ ಸಂಗೀತ ಸಿಕ್ಕಿತು. ಕೊಟ್ಟವರು ನಾಗಸ್ವರದವರ ಮಗ.

ಈ ಎಲ್ಲ ವಿವರಗಳೂ ಆ ಸಂಜೆಯ ಭಾಷಣಗಳಲ್ಲಿ ಬಂದವು. ಕಛೇರಿಯೂ ಚೆನ್ನಾಗಿತ್ತು. ಮೊದಲ ಭಾಗದಲ್ಲಿ ಬೆಂಗಳೂರಿನಿಂದ ಬಂದ ಯುವ ವಾದಕರು ಪಿಟೀಲು, ಮೃದಂಗ, ಮೋರ್ಸಿಂಗ್‌ಗಳೊಂದಿಗೆ ಹಂಸಧ್ವನಿಯ ‘ವಾತಾಪಿ ಗಣಪತಿಂ’ನಿಂದ ತೊಡಗಿ, ಕಲ್ಯಾಣಿಯನ್ನು ವಿಸ್ತರಿಸಿ, ಗೋಪಾಲನಾಥರ ಕೈಯಲ್ಲಿ ಜನಪ್ರಿಯವಾಗಿದ್ದ ಕದನಕುತೂಹಲದ ‘ರಘುವಂಶ ಸುಧಾಂಬುಧಿ’ಯಿಂದ ಮುಗಿಸಿದರು. ಎರಡನೆಯ ಭಾಗದಲ್ಲಿ ದೆಹಲಿಯ ಮೂವರು ಜಾಝ್ ಕಲಾವಿದರು ಪಿಯಾನೊ, ಬೇಸ್, ಡ್ರಮ್‌ಗಳೊಂದಿಗೆ ಸೇರಿಕೊಂಡರು. ಹಂಸಧ್ವನಿ ಮತ್ತೆ ಬಂತು. ಅದಕ್ಕಿರುವುದು ಐದೇ ಸ್ವರ, ಎಲ್ಲಿಯೂ ಜಗಳ ಮಾಡದ ರಾಗ. ಎರಡು ಸಂಪ್ರದಾಯಗಳು ಭೇಟಿಯಾಗಲು ಅಂಗಳದಂತೆ ಒದಗುತ್ತದೆ. ನಮ್ಮ ವಾದಕನ ಕೆಳಗೆ ಶ್ರುತಿ ಅಲುಗದೆ ನಿಂತಿರುತ್ತದೆ, ಅವನು ಅದರ ಮೇಲೆ ಓಡಾಡುತ್ತಾನೆ. ಜಾಝ್‌ನಲ್ಲಿ ಪಿಯಾನೊ ಒಂದೊಂದು ಸ್ವರಗುಚ್ಛಕ್ಕೂ ನೆಲವನ್ನೇ ಸರಿಸುತ್ತದೆ, ವಾದಕ ಸರಿಯುವ ನೆಲದ ಮೇಲೆ ಹೆಜ್ಜೆ ಹುಡುಕುತ್ತಾನೆ. ಎರಡೂ ಕಡೆ ಮುಂದಿನ ಸ್ವರ ಬರೆದಿಟ್ಟದ್ದಲ್ಲ, ಆ ಗಳಿಗೆಯಲ್ಲಿ ಹುಟ್ಟಬೇಕಾದದ್ದು. ನಾವು ಮನೋಧರ್ಮವೆನ್ನುವುದು ಇದನ್ನೇ. ಒಂದೆರಡು ಕಡೆ ಇಬ್ಬರೂ ದಾರಿ ತಪ್ಪಿ, ನಕ್ಕು, ಷಡ್ಜದಲ್ಲಿ ಕೂಡಿಕೊಂಡಾಗ ಸಭೆ ಎದ್ದು ಚಪ್ಪಾಳೆ ತಟ್ಟಿತು.

ಆದರೆ ಅಂದು ‘ವಾತಾಪಿ’ ನುಡಿದದ್ದು ಮೂರು ಸಲ. ಮೊದಲನೆಯದು ಸಭಾಂಗಣದ ಹೊರಬಾಗಿಲಿನಲ್ಲಿ. ಅದೇ ವಾರ ನಗರದ ದೇವಸ್ಥಾನವೊಂದರ ಉತ್ಸವಕ್ಕೆಂದು ಕರಾವಳಿಯಿಂದ ಬಂದಿದ್ದ ವಾದ್ಯದ ಮೇಳವನ್ನು ಸಂಘಟಕರು ಅತಿಥಿಗಳ ಸ್ವಾಗತಕ್ಕೆ ಕರೆಸಿದ್ದರು. ಇಬ್ಬರು ಸ್ಯಾಕ್ಸೊಫೋನಿನವರು, ಒಬ್ಬ ಡೋಲಿನವನು, ತಾಳಕ್ಕೊಬ್ಬ ಹುಡುಗ. ಬಿಳಿ ಪಂಚೆ, ಬಣ್ಣದ ಶಾಲು. ದೆಹಲಿಯ ಚಳಿಗೆ ಲೋಹದ ವಾದ್ಯದ ಶ್ರುತಿ ಇಳಿಯುತ್ತದೆ. ಹಿರಿಯರು ನಡುನಡುವೆ ಬಾಯಿಯ ಬಳಿಯ ಕೊಳವೆಯನ್ನು ತುಸು ಒಳದೂಡಿ ಸರಿ ಮಾಡಿಕೊಳ್ಳುತ್ತಿದ್ದರು. ಅವರ ಮುಂದೆ ಕಾರುಗಳು ಬಂದು ನಿಲ್ಲುತ್ತಿದ್ದವು, ಜನ ಇಳಿದು ಮಾತಾಡುತ್ತಾ ಒಳಗೆ ಹೋಗುತ್ತಿದ್ದರು. ಮುಖ್ಯ ಅತಿಥಿಯ ಕಾರು ಕಂಡಾಗ ಸ್ವಯಂಸೇವಕನೊಬ್ಬ ಜೋರಾಗಿ ಎಂದು ಕೈಸನ್ನೆ ಮಾಡಿದ. ಅತಿಥಿ ಒಳಹೋದ ಮೇಲೆ ಸಾಕು ಎಂದು ಮತ್ತೊಂದು ಸನ್ನೆ. ಅನುಪಲ್ಲವಿ ಅರ್ಧಕ್ಕೆ ನಿಂತಿತು. ಒಳಗೆ ಗೋಪಾಲನಾಥರ ಭಾವಚಿತ್ರಕ್ಕೆ ದೀಪ ಬೆಳಗುವಾಗ ಈ ನಾಲ್ವರು ಹೊರಗೆ ಗೋಡೆಗೆ ವಾದ್ಯ ಒರಗಿಸಿ ಚಹಾಕ್ಕೆ ಕಾಯುತ್ತಿದ್ದರು. ಕಾರ್ಯಕ್ರಮದ ಪತ್ರಿಕೆಯಲ್ಲಿ ಬೆಳಕು, ಧ್ವನಿವರ್ಧಕ, ಹೂವಿನ ಅಲಂಕಾರ ಒದಗಿಸಿದವರಿಗೆ ಧನ್ಯವಾದವಿತ್ತು. ಇವರ ಹೆಸರಿರಲಿಲ್ಲ.

ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲವೆಂದು ನಾವು ನಂಬುತ್ತೇವೆ. ಬಾಗಿಲ ವಾದ್ಯವನ್ನು ಕೇಳದಿರುವುದು ನಮ್ಮೆಲ್ಲರ ಅಭ್ಯಾಸ; ಅಭ್ಯಾಸಕ್ಕೆ ದುರುದ್ದೇಶ ಬೇಕಾಗಿಲ್ಲ. ಆದರೆ ಅದೇ ಅಭ್ಯಾಸ ಗೋಪಾಲನಾಥರ ಹೆಸರಿನ ಸಂಜೆಯಲ್ಲಿ ಕಂಡಾಗ ಅದಕ್ಕೆ ಬೇರೊಂದು ಅರ್ಥ ಬರುತ್ತದೆ.

ಮಧ್ಯಂತರದಲ್ಲಿ ನಮ್ಮ ಬಂಟ್ವಾಳದ ಹುಡುಗ ಕಾಣಿಸಲಿಲ್ಲ. ಹೊರಗೆ ಬಂದು ನೋಡಿದರೆ ವಾದ್ಯದವರ ನಡುವೆ ಕುಕ್ಕರುಗಾಲಿನಲ್ಲಿ ಕುಳಿತು ತುಳುವಿನಲ್ಲಿ ಮಾತಾಡುತ್ತಿದ್ದ. ಹಿರಿಯ ವಾದಕರನ್ನು ನಮಗೆ ಪರಿಚಯಿಸುತ್ತಾ, “ಸರ್, ಇವರಿಗೆ ನನ್ನ ಅಪ್ಪನ ಗುರ್ತ ಉಂಟು” ಎಂದ. ಆಗಲೇ ನಮಗೆ ತಿಳಿದದ್ದು: ಅವನ ತಂದೆ ಮದುವೆ, ಕೋಲ, ಜಾತ್ರೆಗಳಲ್ಲಿ ಸ್ಯಾಕ್ಸೊಫೋನ್ ಊದುವವರು. ತಂದೆಯ ಕೆಲಸವೇನೆಂದು ನಾವು ಹಿಂದೆ ಕೇಳಿದಾಗಲೆಲ್ಲ ಅಡಿಕೆ ತೋಟ ಎಂದಿದ್ದ. ಅದೂ ಸುಳ್ಳಲ್ಲ, ಮನೆಯ ಹಿಂದೆ ಐವತ್ತು ಮರಗಳಿವೆಯಂತೆ. ಹಿರಿಯ ವಾದಕರು ನಮ್ಮನ್ನು ನೋಡಿ, “ನೀವೆಲ್ಲ ಒಳಗೆ ಹೋಗಿ, ಶುರುವಾಯ್ತು ಕಾಣ್ತದೆ” ಎಂದರು. ನೀವೂ ಬನ್ನಿ ಎಂದೆವು. “ಇಲ್ಲ ಸಾರ್, ಅತಿಥಿಗಳು ಹೊರಡುವಾಗ ಪುನಃ ಊದ್ಲಿಕ್ಕೆ ಉಂಟು. ಇಲ್ಲಿಗೂ ಕೇಳ್ತದೆ” ಎಂದು ಧ್ವನಿವರ್ಧಕದ ಕಡೆ ಕೈ ತೋರಿಸಿದರು. ಆಮೇಲೆ ತಾವಾಗಿಯೇ, “ಅವರು ಇದ್ದದ್ದರಿಂದ ನಮಗೆ ಈ ವಾದ್ಯ ಸಿಕ್ಕಿತು. ನಾನು ಮೊದಲು ನಾಗಸ್ವರ” ಎಂದರು. ದನಿಯಲ್ಲಿ ದೂರೇನೂ ಇರಲಿಲ್ಲ.

ಈ ಒಂದು ಮಾತನ್ನು ವೇದಿಕೆಯ ಮೇಲಿನ ಮೂವರಲ್ಲಿ ಯಾರೂ ಆಡಲಿಲ್ಲ. ಗೋಪಾಲನಾಥರ ಸಾಧನೆಯನ್ನು ಲಂಡನ್, ಮುಂಬಯಿ, ಮದ್ರಾಸುಗಳಲ್ಲಿ ಹುಡುಕುವುದು ಸರಿಯೇ. ಅದರ ಬಹುದೊಡ್ಡ ಫಲ ಇರುವುದು ಮಾತ್ರ ತುಳುನಾಡಿನಲ್ಲಿ. ಇಂದು ಮಂಗಳೂರು ಉಡುಪಿಗಳ ಸುತ್ತ ಯಾವ ಮದುವೆ ಮಂಟಪಕ್ಕೆ ಹೋದರೂ, ಯಾವ ದೇವಸ್ಥಾನದ ಬಲಿ ಉತ್ಸವವನ್ನೋ ಭೂತದ ಕೋಲವನ್ನೋ ಕಂಡರೂ ಸ್ಯಾಕ್ಸೊಫೋನ್ ಕೇಳುತ್ತದೆ. ಗದ್ದೆಯ ಬದುವಿನಲ್ಲಿ ಪಂಜಿನ ಬೆಳಕಿನಲ್ಲಿ ಬೆಲ್ಜಿಯಂನವನ ವಾದ್ಯಕ್ಕೆ ದೈವ ಹೆಜ್ಜೆ ಹಾಕುವುದು ಅಲ್ಲಿಯವರಿಗೆ ಈಗ ಅಚ್ಚರಿಯೇ ಅಲ್ಲ. ಇದಕ್ಕೆ ತೆತ್ತ ಬೆಲೆಯೂ ಇದೆ. ನಾಗಸ್ವರ ಹಲವು ಕಡೆ ಹಿಂದೆ ಸರಿದಿದೆ. ಅದರ ಬಿರುಸು, ಅದರ ದೀರ್ಘವಾದ ರಾಗಾಲಾಪನೆ ಎಲ್ಲ ಸ್ಯಾಕ್ಸೊಫೋನಿಗೆ ದಾಟಿ ಬಂದಿಲ್ಲ. ಮದುವೆಯಲ್ಲಿ ಕೀರ್ತನೆಗಿಂತ ಚಿತ್ರಗೀತೆಗೆ ಬೇಡಿಕೆ ಹೆಚ್ಚು. ತಂದೆಯ ವಾದ್ಯವನ್ನು ಮಗನ ಕೀರ್ತಿಯೇ ಹಿಂದೆ ಸರಿಸಿತೆಂಬ ಈ ವಿಚಿತ್ರವನ್ನು ಹೊಗಳಿಕೆಯ ನಡುವೆಯೂ ನೆನಪಿಡಬೇಕು. ಆದರೆ ವಾದ್ಯ ಬದಲಾದರೂ ನಿಲ್ಲುವ ಜಾಗ ಬದಲಾಗಲಿಲ್ಲ. ನಾಗಸ್ವರ ನಿಂತಿದ್ದ ಬಾಗಿಲಲ್ಲೇ ಸ್ಯಾಕ್ಸೊಫೋನೂ ನಿಂತಿದೆ.

ಜಾಝ್‌ನ ಕಡೆಯವರಿಗೆ ಈ ಬಾಗಿಲು ಹೊಸದಲ್ಲ. ಜಾಝ್ ಬೆಳೆದ ನ್ಯೂ ಆರ್ಲಿಯನ್ಸಿನಲ್ಲಿ ಕಪ್ಪು ಜನರ ಹಿತ್ತಾಳೆ ಬ್ಯಾಂಡುಗಳು ಶವಯಾತ್ರೆಯಲ್ಲಿ ನುಡಿಸುತ್ತಾ ನಡೆಯುತ್ತಿದ್ದವು: ಸ್ಮಶಾನಕ್ಕೆ ಹೋಗುವಾಗ ವಿಳಂಬದಲ್ಲಿ, ಹಿಂದಿರುಗುವಾಗ ಕುಣಿಯುವ ಲಯದಲ್ಲಿ. ಲೂಯಿ ಆರ್ಮ್‌ಸ್ಟ್ರಾಂಗ್ ಹುಡುಗನಾಗಿ ಕಲಿತದ್ದು, ಹರೆಯದಲ್ಲಿ ನುಡಿಸಿದ್ದು ಅಂಥ ಮೆರವಣಿಗೆಗಳಲ್ಲಿ. ಮುಂದೆ ಜಗತ್ತಿನ ವೇದಿಕೆಗಳು ಅವರಿಗೆ ದಕ್ಕಿದರೂ, ಆ ಊರು ಬೀದಿಯ ಬ್ಯಾಂಡನ್ನು ತನ್ನ ಸಂಗೀತದ ಚರಿತ್ರೆಯಿಂದ ಹೊರಗಿಡಲಿಲ್ಲ. ದೊಡ್ಡ ಕಲಾವಿದರು ತೀರಿಕೊಂಡರೆ ಇಂದಿಗೂ ಅಲ್ಲಿ ಬೀದಿಯ ಬ್ಯಾಂಡೇ ಮುಂದೆ ನಡೆಯುತ್ತದೆ. ಅಲ್ಲಿ ಸಂಸ್ಮರಣ ಕಛೇರಿ ಎಂದರೆ ಅದು. ಆ ಸಂಜೆ ಎರಡನೆಯ ಭಾಗದಲ್ಲಿ ನುಡಿಸಿದ ಜಾಝ್ ಕಲಾವಿದರು ಹೊರಡುವ ಮೊದಲು ಬಾಗಿಲ ಬಳಿ ನಿಂತರು. ಡ್ರಮ್ಮಿನವರು ಡೋಲಿನ ಎರಡೂ ಮುಖಗಳನ್ನು ಮುಟ್ಟಿ ನೋಡಿ, ಒಂದು ಕಡೆ ಕೋಲು ಇನ್ನೊಂದು ಕಡೆ ಬೆರಳು ಹೇಗೆ ಎಂದು ಹಿಂದಿಯಲ್ಲಿ ಕೇಳಿದರು. ಡೋಲಿನವನಿಗೆ ಹಿಂದಿ ಬಾರದು, ನುಡಿಸಿ ತೋರಿಸಿದ. ಐದು ನಿಮಿಷ, ಅಷ್ಟೇ. ಆ ಸಂಜೆ ಹೊರಗಿನವರ ಸಂಗೀತವನ್ನು ಒಳಗಿನವರು ನಿಂತು ಕೇಳಿದ್ದು ನಮಗೆ ಕಂಡಂತೆ ಅದೊಂದೇ ಸಲ.

ಮೆಟ್ರೊದಲ್ಲಿ ಗುರು ತೇಗ್ ಬಹದ್ದೂರ್ ನಗರದವರೆಗೆ ಬರುವಾಗ ಹುಡುಗ ಹೆಚ್ಚು ಮಾತಾಡಲಿಲ್ಲ. ಕೆಲವು ತಿಂಗಳುಗಳ ಬಳಿಕ ಅವನು ಅಣಕು ಸಂದರ್ಶನಗಳಿಗೆ ತಯಾರಾಗುತ್ತಿದ್ದಾಗ ತನ್ನ ವಿವರಗಳ ಹಾಳೆಯನ್ನು ನಮಗೆ ಓದಲು ಕೊಟ್ಟ. ತಂದೆಯ ಉದ್ಯೋಗ ಎಂಬಲ್ಲಿ ಸ್ಯಾಕ್ಸೊಫೋನ್ ವಾದಕರು, ಕೃಷಿಕರು ಎಂದಿತ್ತು. ಇಂಗ್ಲಿಷಿನಲ್ಲಿ ಹೀಗೆ ಬರೆದರೆ ದೊಡ್ಡದಾಗಿ ಕೇಳುತ್ತದಲ್ಲವೇ ಎಂದು ನಮ್ಮಲ್ಲೊಬ್ಬರು ಚೇಷ್ಟೆ ಮಾಡಿದರು. ಅವನು ನಗಲಿಲ್ಲ. “ದೊಡ್ಡದಾಗಿ ಕೇಳಲಿಕ್ಕೆ ಬರೆದದ್ದಲ್ಲ ಸರ್. ಎಲ್ಲಿ ಊದ್ತಾರೆ ಅಂತ ಕೇಳಿದರೆ ಮದುವೆಯಲ್ಲಿ ಅಂತಲೇ ಹೇಳ್ತೇನೆ” ಎಂದ. ಸಂದರ್ಶಕರು ಕೇಳಿದರೋ ಇಲ್ಲವೋ, ಆ ವರ್ಷದ ಫಲಿತಾಂಶ ಏನಾಯಿತು ಎಂಬುದು ಈ ಬರಹಕ್ಕೆ ಸಂಬಂಧಿಸಿದ್ದಲ್ಲ. ತಂದೆಯನ್ನು ಅಡಿಕೆ ಮರಗಳ ಹಿಂದೆ ನಿಲ್ಲಿಸಬೇಕಾದ ಸ್ಥಿತಿ ಓದಿದ ಹುಡುಗನೊಬ್ಬನಿಗೆ ಬಂದದ್ದು ಏಕೆ ಎಂಬುದು ಸಂಬಂಧಿಸಿದ್ದು. ಪದ್ಮಶ್ರೀ ಪಡೆದವರ ವಾದ್ಯವೂ ಅವನ ತಂದೆಯ ವಾದ್ಯವೂ ಒಂದೇ. ಬೇರೆಯಾದದ್ದು ಕೇಳುವವರು ಕುಳಿತಿದ್ದಾರೋ ನಡೆಯುತ್ತಿದ್ದಾರೋ ಎಂಬುದು.

ಚಳಿಗಾಲದಲ್ಲಿ ನಮ್ಮ ಕಿಂಗ್ಸ್‌ವೇ ಕ್ಯಾಂಪಿನ ಬೀದಿಗಳಲ್ಲೂ ಮದುವೆಯ ಬ್ಯಾಂಡುಗಳು ಸಾಲಾಗಿ ಹೋಗುತ್ತವೆ. ಮಾಸಿದ ಕೆಂಪು ಕೋಟು, ಹೆಗಲ ಪಟ್ಟಿಯಲ್ಲಿ ಜರಿ, ತಲೆಯ ಮೇಲೆ ದೀಪ ಹೊತ್ತ ಹೆಂಗಸರು, ನಡುವೆ ಕುದುರೆಯ ಮೇಲೆ ವರ. ಓದುವ ಹುಡುಗರು ಕಿಟಕಿ ಮುಚ್ಚಿಕೊಳ್ಳುತ್ತಾರೆ, ಅವರನ್ನು ದೂರುವಂತಿಲ್ಲ. ಒಮ್ಮೆ ಆ ಗದ್ದಲದ ನಡುವೆ ಕ್ಲಾರಿನೆಟ್ಟೊಂದು ಚಿತ್ರಗೀತೆಯ ಚರಣ ಮುಗಿದ ಮೇಲೂ ತನ್ನಷ್ಟಕ್ಕೆ ಎರಡು ಆವರ್ತ ಮೇಲೇರಿ ಇಳಿದದ್ದನ್ನು ಮೇಲಿನ ಮಹಡಿಯಿಂದ ಕೇಳಿದೆವು. ಯಾರಿಗಾಗಿ ನುಡಿಸಿದನೋ! ಮೆರವಣಿಗೆ ಮುಂದೆ ಸಾಗಿತ್ತು.

ಸಂಸ್ಮರಣ ಕಛೇರಿಗಳನ್ನು ನಡೆಸುವ ಮಿತ್ರರಲ್ಲಿ ನಮ್ಮ ಕೋರಿಕೆ ಚಿಕ್ಕದು. ಗೋಪಾಲನಾಥರ ಹೆಸರಿನಲ್ಲಿ ಮುಂದೆ ಎಲ್ಲಿಯಾದರೂ ದೀಪ ಬೆಳಗುವುದಾದರೆ, ಸ್ವಾಗತಕ್ಕೆ ಕರೆಸಿದ ವಾದ್ಯದವರ ಹೆಸರನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸಿ. ಅತಿಥಿಗಳು ಬಂದಾದ ಮೇಲೆ ಅವರನ್ನು ಒಳಗೆ ಕರೆದು ವೇದಿಕೆಯ ಮೇಲೆ ಅರ್ಧ ಗಂಟೆ ಕೊಡಿ. ಮದುವೆಯಲ್ಲಿ ಯಾರೂ ಕೇಳದೆ ಉಳಿದ ಆ ಅನುಪಲ್ಲವಿಯನ್ನು ಪೂರ್ತಿ ನುಡಿಸಲಿ. ಚೆನ್ನಾಗಿ ನುಡಿಸಿದರೆ ತಲೆದೂಗೋಣ, ಅಪಸ್ವರ ಬಂದರೆ ಅದನ್ನೂ ಗಮನಿಸೋಣ. ಕೇಳಿಸಿಕೊಂಡ ಸಂಗೀತಗಾರನಿಗೆ ಮಾತ್ರ ತಪ್ಪನ್ನು ತಿದ್ದಿಕೊಳ್ಳುವ ಅವಕಾಶವಿರುತ್ತದೆ. ಶಾಲು ಒಂದು ಕಡಿಮೆಯಾದರೂ ಸರಿ, ಭಾಷಣ ಒಂದು ಕಡಿಮೆಯಾದರೆ ಇನ್ನೂ ಸರಿ. ಸಜೀಪದ ತನಿಯಪ್ಪನವರ ಮಗನಿಗೆ ಸಲ್ಲಿಸುವ ಗೌರವದಲ್ಲಿ ತನಿಯಪ್ಪನವರಂಥವರಿಗೂ ಪಾಲಿರಬೇಕು.